ದಾನದ ಖಾತೆಯಿಂದ ಜಾಹೀರಾತಿನ ಖಾತೆಗೆ: ಊರಿನ ಚಿತ್ರಕಲಾವಿದರೂ ವರ್ತಕ ಸಮುದಾಯವೂ

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಂದು ಭಾನುವಾರ, ಸಾಮಾನ್ಯವಾಗಿ ಜನವರಿ ತಿಂಗಳ ಆರಂಭದಲ್ಲಿ, ವಾಹನ ಸಂಚಾರ ಸ್ಥಗಿತಗೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ ರಸ್ತೆಯ ಎರಡೂ ಬದಿಗಳಲ್ಲಿ ಚಿತ್ರಗಳ ಸಾಲು ಎದ್ದು ನಿಂತಿರುತ್ತದೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಗೂ ಮೀರಿ ನಡೆಸಿಕೊಂಡು ಬಂದಿರುವ 'ಚಿತ್ರಸಂತೆ' ಇದು. 2021ರಲ್ಲಿ ಕೋವಿಡ್ ಕಾರಣದಿಂದ ಸಂತೆ ಅಂತರ್ಜಾಲಕ್ಕೆ ಸ್ಥಳಾಂತರಗೊಂಡಿತ್ತು. 2025ರ ಜನವರಿ 5ರಂದು ರಸ್ತೆಯಲ್ಲಿ ನಡೆದದ್ದು 22ನೆಯ ಸಂತೆ. ನಾನಾ ರಾಜ್ಯಗಳಿಂದ ಸಾವಿರಕ್ಕೂ ಮೀರಿದ ಕಲಾವಿದರು ಬಂದು ಸೇರುತ್ತಾರೆ. ನೂರಾರು ರೂಪಾಯಿಯ ಪುಟ್ಟ ರೇಖಾಚಿತ್ರದಿಂದ ಹಿಡಿದು ಲಕ್ಷ ರೂಪಾಯಿ ದಾಟುವ ದೊಡ್ಡ ಕೃತಿಯವರೆಗೆ ಎಲ್ಲವೂ ಅಲ್ಲಿ ಮಾರಾಟಕ್ಕಿರುತ್ತವೆ.

ಕಲಾವಿಮರ್ಶಕರು ಈ ಸಂತೆಯ ಬಗ್ಗೆ ಏನು ಹೇಳುತ್ತಾರೋ ಅದು ಬೇರೆ ಮಾತು. ವ್ಯಾಪಾರಿಯ ಕಣ್ಣಿಗೆ ಇಲ್ಲಿ ಕಾಣುವುದು ಮತ್ತೊಂದು ಸಂಗತಿ. ಹವಾನಿಯಂತ್ರಿತ ಗ್ಯಾಲರಿಯ ಗಾಜಿನ ಬಾಗಿಲು ತಳ್ಳಿ ಒಳಹೋಗಲು ಹಿಂಜರಿಯುವ ಮಧ್ಯಮ ವರ್ಗದ ಕುಟುಂಬ ಇಲ್ಲಿ ನಿರಾತಂಕವಾಗಿ ನಡೆದುಬರುತ್ತದೆ. ಇಲ್ಲಿ ಹೊಸ್ತಿಲೇ ಇಲ್ಲ. ಬೆಲೆ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ, ಚೌಕಾಶಿ ಮಾಡಿದರೆ ಅವಮಾನವಲ್ಲ, ಮತ್ತು ಮಾರುವವನೇ ಬರೆದವನಾಗಿರುತ್ತಾನೆ. ಕನ್ನಡ ನಾಡಿನಲ್ಲಿ ಚಿತ್ರಗಳಿಗೆ ಗಿರಾಕಿಗಳೇ ಇಲ್ಲ ಎಂಬ ಹಳೆಯ ದೂರನ್ನು ಈ ಒಂದು ಭಾನುವಾರ ಪ್ರತಿವರ್ಷವೂ ಸುಳ್ಳಾಗಿಸುತ್ತದೆ.

ಆದರೆ ಸೋಮವಾರ ಬೆಳಿಗ್ಗೆ ರಸ್ತೆ ವಾಹನಗಳಿಗೆ ಮರಳಿ ತೆರೆದುಕೊಳ್ಳುತ್ತದೆ. ಗದಗ, ದಾವಣಗೆರೆ, ಕಲಬುರಗಿಗಳಿಂದ ಬಂದವರು ಮಾರಾಟವಾಗದೆ ಉಳಿದ ಚಿತ್ರಗಳನ್ನು ಸುತ್ತಿಕೊಂಡು ತಮ್ಮ ಊರಿನ ಬಸ್ಸು ಹತ್ತುತ್ತಾರೆ. ಮುಂದಿನ ಸಂತೆಗೆ ನಡುವೆ ಉಳಿಯುವ 364 ದಿನಗಳನ್ನು ಅವರು ತಮ್ಮ ಊರಿನಲ್ಲೇ ಕಳೆಯಬೇಕು; ಅಲ್ಲಿಯ ಆದಾಯದಿಂದಲೇ ಬದುಕಬೇಕು. ದಾವಣಗೆರೆಯಲ್ಲಿ 1964ರಿಂದ ದೃಶ್ಯಕಲೆಯ ಕಾಲೇಜು ಇದೆ. ಮೈಸೂರು, ಧಾರವಾಡ, ಗದಗ, ಕಲಬುರಗಿಗಳಲ್ಲಿಯೂ ಕಲಾಶಿಕ್ಷಣದ ಸಂಸ್ಥೆಗಳಿವೆ. ಓದಿ ಹೊರಬರುವವರಿಗೆ ಬೆಂಗಳೂರಿಗೆ ಹೋಗುವುದು ಅಥವಾ ಕುಂಚ ಕೆಳಗಿಡುವುದು, ಇವೆರಡೇ ದಾರಿ ಎನ್ನುವ ಸ್ಥಿತಿ ಜಿಲ್ಲಾ ಕೇಂದ್ರಗಳಲ್ಲಿ ಏಕೆ ಬಂದಿತು? ಉತ್ತರ ಹುಡುಕಲು ಹೊರಟರೆ ಅದು ಬಜಾರಿನ ಬೀದಿಗೇ ಬಂದು ನಿಲ್ಲುತ್ತದೆ.

ಅಂಗಡಿಯ ಫಲಕವೇ ಅನ್ನವಾಗಿದ್ದ ಕಾಲ

ಒಂದು ಕಾಲಕ್ಕೆ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಕನಿಷ್ಠ ಒಬ್ಬ ಬೋರ್ಡ್ ಬರೆಯುವ ಕಲಾವಿದನಿರುತ್ತಿದ್ದ. ಬಸ್ ನಿಲ್ದಾಣದ ಹತ್ತಿರವೋ ಚಿತ್ರಮಂದಿರದ ಪಕ್ಕದಲ್ಲೋ ಒಂದು ಸಣ್ಣ ಮಳಿಗೆ, ಅದರ ಹೆಸರಿನ ಕೊನೆಯಲ್ಲಿ 'ಆರ್ಟ್ಸ್' ಎಂಬ ಪದ, ಒಳಗೆ ಎನಾಮಲ್ ಬಣ್ಣದ ಡಬ್ಬಿಗಳು. ಕಿರಾಣಿ ಅಂಗಡಿಯ ತಗಡಿನ ಫಲಕ, ಬಟ್ಟೆ ಅಂಗಡಿಯ ದೀಪಾವಳಿ ಬ್ಯಾನರು, ಗೊಬ್ಬರ ಕಂಪನಿಯ ಗೋಡೆ ಬರಹ, ಚಲನಚಿತ್ರದ ಭಾರಿ ಕಟೌಟು, ಲಾರಿಯ ಹಿಂಭಾಗದ ಹೂಬಳ್ಳಿ, ಸ್ಕೂಟರಿನ ನಂಬರು, ಶಾಲಾ ವಾರ್ಷಿಕೋತ್ಸವದ ಪರದೆ ಎಲ್ಲವೂ ಅವನದೇ ಕೆಲಸ. ರಾತ್ರಿ ಅದೇ ಮಳಿಗೆಯಲ್ಲಿ ಆತ ತನಗಾಗಿ ಭೂದೃಶ್ಯವನ್ನೋ ಭಾವಚಿತ್ರವನ್ನೋ ಬರೆಯುತ್ತಿದ್ದ. ಅಕ್ಕಪಕ್ಕದ ಹುಡುಗರು ಬಂದು ಬಣ್ಣ ಕಲಸಿಕೊಡುತ್ತ ಕೆಲಸ ಕಲಿಯುತ್ತಿದ್ದರು. ಅಂಥ ಮಳಿಗೆ ಆ ಊರಿನ ಕಲಾಶಾಲೆಯೂ ಆಗಿರುತ್ತಿತ್ತು.

ಈ ವ್ಯವಸ್ಥೆಗೆ 'ಕಲಾಪೋಷಣೆ' ಎಂಬ ಹೆಸರನ್ನು ಯಾರೂ ಇಟ್ಟಿರಲಿಲ್ಲ. ವರ್ತಕನಿಗೆ ಫಲಕ ಬೇಕಿತ್ತು, ಅವನು ಹಣ ಕೊಡುತ್ತಿದ್ದ, ಅಷ್ಟೆ. ಆದರೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಊರೂರಿನ ಕೈಚಳಕವನ್ನು ಕಾಪಾಡಿದ್ದು ಈ ಹೆಸರಿಲ್ಲದ ವ್ಯವಸ್ಥೆಯೇ. ಇದು ಸಣ್ಣಪುಟ್ಟ ಕಲಾವಿದರಿಗೆ ಮಾತ್ರ ಸೀಮಿತವೆಂದು ಭಾವಿಸಬೇಕಾಗಿಲ್ಲ. 1916ರಲ್ಲಿ ಗುಲ್ಬರ್ಗದಲ್ಲಿ ಜನಿಸಿದ ಎಸ್.ಎಂ. ಪಂಡಿತ್ ಅವರ ಹೆಸರು ದೇಶದ ಮನೆಮನೆಗೆ ತಲುಪಿದ್ದು ಕ್ಯಾಲೆಂಡರುಗಳ ಮೂಲಕ. ಮುಂಬೈಯಲ್ಲಿ ನೆಲೆಸಿ ಅವರು ಚಲನಚಿತ್ರದ ಭಿತ್ತಿಪತ್ರಗಳನ್ನೂ ಪತ್ರಿಕೆಗಳ ಮುಖಪುಟಗಳನ್ನೂ ಬರೆದರು. ಅವರ ಪೌರಾಣಿಕ ಚಿತ್ರಗಳನ್ನು ಕೊಂಡು ಅಚ್ಚು ಹಾಕಿಸಿದವರು ಮಹಾರಾಜರಲ್ಲ, ಉದ್ಯಮಿಗಳು. ಜಾಹೀರಾತಿನ ಹಣವೇ ಅಂಥ ಕಲಾವಿದನಿಗೆ ಸ್ವಂತ ಕಲೆಯ ಸಾಧನೆಗೆ ಬೇಕಾದ ನೆಮ್ಮದಿಯನ್ನು ಒದಗಿಸಿತು.

2000ದ ದಶಕದಲ್ಲಿ ಫ್ಲೆಕ್ಸ್ ಮುದ್ರಣ ಯಂತ್ರಗಳು ಜಿಲ್ಲಾ ಕೇಂದ್ರಗಳನ್ನು ತಲುಪಿದವು. ಮೂರು ದಿನದ ಕೆಲಸ ಮೂರು ಗಂಟೆಯಲ್ಲಿ ಮುಗಿಯತೊಡಗಿತು, ದರವೂ ಇಳಿಯಿತು. ವರ್ತಕರು ಅಗ್ಗವಾದುದನ್ನು ಆರಿಸಿಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ. ಮುಂದೆ ಅತಿ ಸುರಕ್ಷಿತ ನೋಂದಣಿ ಫಲಕಗಳ ನಿಯಮ 2019ರ ಏಪ್ರಿಲ್‌ 1ರಿಂದ ಹೊಸ ವಾಹನಗಳಿಗೆ ಜಾರಿಯಾಗಿ, ನಂಬರು ಬರೆಯುವ ದೈನಂದಿನ ಸಣ್ಣ ಸಂಪಾದನೆಗೂ ಕತ್ತರಿ ಬಿತ್ತು. 2009ರ ಸುಮಾರಿಗೆ ಬೆಂಗಳೂರು ಮಹಾನಗರ ಪಾಲಿಕೆ ನಗರದ ಗೋಡೆಗಳ ಮೇಲೆ ಚಿತ್ರ ಬರೆಸಲು ಕೆಲಸವಿಲ್ಲದ ಬ್ಯಾನರ್ ಕಲಾವಿದರನ್ನು ಕರೆದದ್ದು ಅನೇಕರಿಗೆ ನೆನಪಿರಬಹುದು. ಅದು ಕೆಲವು ಕಾಲದ ಕೆಲಸ. ಗೋಡೆ ಮುಗಿದೊಡನೆ ಕೆಲಸವೂ ಮುಗಿಯಿತು.

ವಿಪರ್ಯಾಸವೆಂದರೆ ಫಲಕಗಳು ಬದಲಾಗುವ ಎರಡು ಸಂದರ್ಭಗಳು ಅನಂತರವೂ ಒದಗಿ ಬಂದಿದ್ದವು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸನ್ನೂ ಸೇರಿಸಿತು. 2024ರ ಆರಂಭದಲ್ಲಿ ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕೆಂಬ ನಿಯಮ ಬಂದು, ಸಾವಿರಾರು ಅಂಗಡಿಗಳು ತರಾತುರಿಯಲ್ಲಿ ಹೊಸ ಫಲಕ ಹಾಕಿಸಿಕೊಂಡವು. ಕನ್ನಡದ ಅಕ್ಷರವನ್ನು ಕೈಯಿಂದ ಸೊಗಸಾಗಿ ಬರೆಯಬಲ್ಲವರು ಊರಿನಲ್ಲಿ ಇನ್ನೂ ಇದ್ದಾರೆಂದು ಆ ತರಾತುರಿಯಲ್ಲಿ ನೆನೆದ ಅಂಗಡಿಗಳು ವಿರಳ.

ಒಬ್ಬನೇ ಗಿರಾಕಿಯ ಅಪಾಯ

ರಾಜಾಶ್ರಯವಿದ್ದಾಗ ಎಲ್ಲವೂ ಚೆನ್ನಾಗಿತ್ತು ಎಂಬ ಮಾತು ಕಲೆಯ ಸಭೆಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಲೆಕ್ಕ ಪರಿಶೋಧನೆಯ ದೃಷ್ಟಿಯಿಂದ ನೋಡಿದರೆ ಇದನ್ನು ಹಾಗೆಯೇ ಒಪ್ಪುವುದು ಕಷ್ಟ. ಕೆ. ವೆಂಕಟಪ್ಪನವರ ಉದಾಹರಣೆಯೇ ಸಾಕು. 1886ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಮೈಸೂರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತವರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಂದ ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡಿಸುತ್ತಿದ್ದರು. 1940ರಲ್ಲಿ ಮಹಾರಾಜರು ತೀರಿಕೊಂಡರು. ನಡೆಯುತ್ತಿದ್ದ ಅರಮನೆಯ ಕೆಲಸ ನಿಂತಿತು. ವೆಂಕಟಪ್ಪನವರು ಬೆಂಗಳೂರಿಗೆ ಮರಳಿದರು. ಆಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ಕರ್ನಾಟಕದ ಅಗ್ರಮಾನ್ಯ ಕಲಾವಿದರೊಬ್ಬರ ಸ್ಥಿತಿ ಒಬ್ಬನೇ ಗಿರಾಕಿಯನ್ನು ನಂಬಿದ ಸಣ್ಣ ಕಾರ್ಖಾನೆಯ ಸ್ಥಿತಿಗಿಂತ ಭಿನ್ನವಾಗಿರಲಿಲ್ಲ. ಬಿಡಿಭಾಗ ತಯಾರಿಸಿ ಒಂದೇ ದೊಡ್ಡ ಕಂಪನಿಗೆ ಒದಗಿಸುವ ಪೀಣ್ಯದ ಅಥವಾ ಬೆಳಗಾವಿಯ ಉದ್ಯಮಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂದು ರಾಜನ ಸ್ಥಾನದಲ್ಲಿ ಸರ್ಕಾರವಿದೆ. ಲಲಿತಕಲಾ ಅಕಾಡೆಮಿಯ ಪ್ರಶಸ್ತಿ, ವಯಸ್ಸಾದ ಕಲಾವಿದರಿಗೆ ಮಾಸಾಶನ ಮುಂತಾದವು ಅಗತ್ಯವೇ. ಆದರೆ ಅವು ಸನ್ಮಾನ ಮತ್ತು ನೆರವು. ಮೂವತ್ತು ವರ್ಷದ ಯುವ ಕಲಾವಿದನಿಗೆ ಮುಂದಿನ ತಿಂಗಳ ಕೆಲಸವಲ್ಲ.

ತಾವೇ ಕಟ್ಟಿಕೊಂಡ ಊರು

ಇದಕ್ಕೆ ಪ್ರತಿಯಾದ ಒಂದು ಮಾದರಿ ನೆರೆಯ ರಾಜ್ಯದಲ್ಲಿದೆ. ಮದರಾಸಿನ ಸರ್ಕಾರಿ ಕಲಾ ಮತ್ತು ಕರಕುಶಲ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಅವರಿಗೆ ತಮ್ಮ ವಿದ್ಯಾರ್ಥಿಗಳ ಭವಿಷ್ಯದ ಚಿಂತೆಯಿತ್ತು. ಕಾಲೇಜು ಬಿಟ್ಟೊಡನೆ ಅವರು ಗುಮಾಸ್ತರಾಗಿಯೋ ಜವಳಿ ಗಿರಣಿಯ ನಕ್ಷೆಗಾರರಾಗಿಯೋ ಕರಗಿಹೋಗುತ್ತಿದ್ದರು. ಗುರುಶಿಷ್ಯರು ಸೇರಿ ಒಂದು ಸಂಘ ಕಟ್ಟಿದರು. ಬಾಟಿಕ್, ಚರ್ಮದ ಕೆಲಸ, ಲೋಹದ ಕೆಲಸಗಳಂಥ ನಿತ್ಯ ಮಾರಾಟವಾಗುವ ಕರಕುಶಲ ವಸ್ತುಗಳನ್ನು ತಯಾರಿಸಿ ಮಾರಿದರು. ಬಂದ ಹಣವನ್ನು ಒಟ್ಟುಗೂಡಿಸಿ, ಮಹಾಬಲಿಪುರದ ರಸ್ತೆಯಲ್ಲಿ ಇಂಜಂಬಾಕ್ಕಂ ಬಳಿ ಕಡಲತೀರದ ಸುಮಾರು ಹತ್ತು ಎಕರೆ ಮರಳು ಭೂಮಿಯನ್ನು ಕೊಂಡರು. 1966ರಲ್ಲಿ ಅಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ಆರಂಭವಾಯಿತು. ಅದನ್ನು ಸ್ಥಾಪಿಸಿದ ತರುಣರಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಒಬ್ಬರು. ಎರಡು ದಶಕಗಳಿಗೂ ಹೆಚ್ಚು ಕಾಲ ಅಲ್ಲಿದ್ದು ಆಮೇಲೆ ಅವರು ಬೆಂಗಳೂರಿಗೆ ಬಂದು ನೆಲೆಸಿದರು.

ಚೋಳಮಂಡಲದ ಜಮಾಖರ್ಚನ್ನು ಗಮನಿಸಿದರೆ ಅದರ ಜಾಣ್ಮೆ ಅರ್ಥವಾಗುತ್ತದೆ. ಚಿತ್ರ ಮಾರಾಟವಾಗುವುದು ಯಾವಾಗಲೋ. ಬಾಟಿಕ್ ಬಟ್ಟೆ ಮಾರಾಟವಾಗುವುದು ಪ್ರತಿ ವಾರ. ನಿಧಾನವಾಗಿ ಚಲಿಸುವ ಸರಕನ್ನು ವೇಗವಾಗಿ ಚಲಿಸುವ ಸರಕಿನ ಲಾಭದಿಂದ ಕಾಪಾಡುವುದು ಪ್ರತಿಯೊಬ್ಬ ಕಿರಾಣಿ ವ್ಯಾಪಾರಿಗೂ ತಿಳಿದ ತಂತ್ರ. ಅದರ ಜೊತೆಗೆ ಅವರು ಬಾಡಿಗೆ ಮಳಿಗೆಯಲ್ಲಿ ಉಳಿಯದೆ ನೆಲ ಕೊಂಡರು. ನಗರ ದಕ್ಷಿಣಕ್ಕೆ ಬೆಳೆದಂತೆ ಸುತ್ತಲಿನ ಜಮೀನಿನ ಬೆಲೆ ಏರಿದರೂ ಕಲಾವಿದರನ್ನು ಅಲ್ಲಿಂದ ಎಬ್ಬಿಸಲು ಸಾಧ್ಯವಾಗಲಿಲ್ಲ. ಅರ್ಧ ಶತಮಾನ ಕಳೆದ ಮೇಲೂ ಆ ಗ್ರಾಮ ಉಳಿದಿದೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಥೆಯೂ ಇದೇ ಬಗೆಯದು. 1960ರಲ್ಲಿ ಎಂ. ಆರ್ಯಮೂರ್ತಿ, ಎಂ.ಎಸ್. ನಂಜುಂಡರಾವ್ ಮೊದಲಾದವರ ಶ್ರಮದಿಂದ ಆರಂಭವಾದ ಸಂಸ್ಥೆಗೆ ಸರ್ಕಾರ ಭೂಮಿ ಕೊಟ್ಟಿತು, ಉದ್ಯಮಿ ಎಚ್.ಕೆ. ಕೇಜ್ರಿವಾಲ್ ಅವರು ತಮ್ಮ ಕುಟುಂಬದ ಕಲಾಸಂಗ್ರಹವನ್ನು ಕೊಟ್ಟರು, ಸ್ವೆತೊಸ್ಲಾವ್ ರೋರಿಕ್ ಅವರು ತಮ್ಮ ಮತ್ತು ತಮ್ಮ ತಂದೆಯ ಚಿತ್ರಗಳನ್ನು ಕೊಟ್ಟರು. ಹೀಗೆ ಬಂದದ್ದೆಲ್ಲವೂ ಒಂದು ದಿನದ ಸಮಾರಂಭದಲ್ಲಿ ವ್ಯಯವಾಗದೆ ಕಾಲೇಜು, ಗ್ಯಾಲರಿ, ಸಂಗ್ರಹಾಲಯಗಳ ರೂಪದಲ್ಲಿ ಆಸ್ತಿಯಾಗಿ ಉಳಿದವು. ಚಿತ್ರಸಂತೆಯಂಥ ಭಾರಿ ಸಂತೆಯನ್ನು ಪ್ರತಿವರ್ಷ ಹೊರಲು ಅಂಥ ಬೆನ್ನೆಲುಬು ಬೇಕು.

ಖಾತೆಯ ಶೀರ್ಷಿಕೆ ಯಾವುದು?

ಪ್ರತಿ ಜಿಲ್ಲೆಯಲ್ಲಿ ಹತ್ತು ಎಕರೆ ಕೊಳ್ಳುವುದೂ ಆಗದು, ಪ್ರತಿ ಊರಿಗೂ ಒಬ್ಬ ಕೇಜ್ರಿವಾಲರು ಸಿಗುವುದೂ ಇಲ್ಲ. ಸಾಮಾನ್ಯ ವರ್ತಕ, ಸಣ್ಣ ಕೈಗಾರಿಕೋದ್ಯಮಿ ಏನು ಮಾಡಬಹುದು ಎಂಬುದು ಈ ಪುಟಗಳ ಓದುಗರಿಗೆ ಪ್ರಸ್ತುತವಾದ ಪ್ರಶ್ನೆ.

ಮೊದಲಿಗೆ ನೆನಪಾಗುವುದು ಸಾಮಾಜಿಕ ಹೊಣೆಗಾರಿಕೆಯ ನಿಧಿ. 2013ರ ಕಂಪನಿ ಕಾಯ್ದೆಯ 7ನೆಯ ಅನುಸೂಚಿಯಲ್ಲಿ ಕಲೆ ಮತ್ತು ಸಂಸ್ಕೃತಿಯ ರಕ್ಷಣೆಗೂ ಸಾಂಪ್ರದಾಯಿಕ ಕಲೆಗಳ ಅಭಿವೃದ್ಧಿಗೂ ಸ್ಥಾನವಿದೆ. ಆದರೆ ಆ ಕಡ್ಡಾಯ ಅನ್ವಯಿಸುವುದು 500 ಕೋಟಿ ರೂ. ನಿವ್ವಳ ಮೌಲ್ಯ, 1,000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭ, ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗಳಿಗೆ. ಪಾಲುದಾರಿಕೆ ಸಂಸ್ಥೆಗಳೂ ಸ್ವಂತ ಮಾಲೀಕತ್ವದ ಅಂಗಡಿಗಳೂ ಅದರ ವ್ಯಾಪ್ತಿಯ ಹೊರಗೇ ಉಳಿಯುತ್ತವೆ.

ಎರಡನೆಯದು ದಾನ. 80ಜಿ ಎಂಬ ಹೆಸರಿನಿಂದಲೇ ವರ್ತಕರಿಗೆ ಪರಿಚಿತವಾದ ರಿಯಾಯಿತಿಯಲ್ಲಿ (2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಬಾಯಿಯ ಮಾತು ಬದಲಾಗಿಲ್ಲ) ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಯ ಅರ್ಧ ಭಾಗಕ್ಕೆ ಸಾಮಾನ್ಯವಾಗಿ ವಿನಾಯಿತಿ ಸಿಗುತ್ತದೆ, ಅದೂ ಒಟ್ಟು ಆದಾಯದ ಒಂದು ಮಿತಿಯೊಳಗೆ. 2,000 ರೂ. ಮೀರಿದ ನಗದು ದೇಣಿಗೆಗೆ ಇದು ಅನ್ವಯಿಸದು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ವ್ಯಕ್ತಿಗೆ ಈ ವಿನಾಯಿತಿಯೇ ಇಲ್ಲ. ಮತ್ತು ಕಲಾವಿದನೊಬ್ಬನ ಕೈಗೆ ನೇರವಾಗಿ ಕೊಟ್ಟ ಸಹಾಯಧನಕ್ಕೆ, ಅದೆಷ್ಟೇ ಸದುದ್ದೇಶದ್ದಾಗಿದ್ದರೂ, ಯಾವ ರಿಯಾಯಿತಿಯೂ ಇಲ್ಲ.

ಮೂರನೆಯ ದಾರಿ ವರ್ತಕನ ಲೆಕ್ಕದ ಪುಸ್ತಕದಲ್ಲಿ ಈಗಾಗಲೇ ಇದೆ: ಜಾಹೀರಾತು ಮತ್ತು ಪ್ರಚಾರದ ಖಾತೆ. ನಾಮಫಲಕ, ಕ್ಯಾಲೆಂಡರು, ಡೈರಿ, ಹಬ್ಬದ ಶುಭಾಶಯ ಪತ್ರ, ಸಿಹಿ ತಿಂಡಿಯ ಪೆಟ್ಟಿಗೆ, ಊದುಬತ್ತಿಯ ಪೊಟ್ಟಣ, ಸೀರೆಯ ಕೈಚೀಲ, ಗೋಡೆ ಬರಹ ಎಲ್ಲದಕ್ಕೂ ಪ್ರತಿವರ್ಷ ಹಣ ಹೋಗಿಯೇ ಹೋಗುತ್ತದೆ. ಈ ಖರ್ಚಿನ ಸಣ್ಣದೊಂದು ಪಾಲು ಊರಿನ ಕಲಾವಿದನಿಗೆ ಹೋದರೆ ಅದು ವ್ಯಾಪಾರದ ಖರ್ಚೇ ಹೊರತು ದಾನವಲ್ಲ. ಒಂದು ಪಾಲುದಾರಿಕೆ ಸಂಸ್ಥೆ ಶೇ. 30ರ ದರದಲ್ಲಿ, ಶೇ. 4ರ ಸೆಸ್ ಸೇರಿ, ತೆರಿಗೆ ಕಟ್ಟುತ್ತದೆಂದು ಇಟ್ಟುಕೊಳ್ಳೋಣ. ಅದು 1 ಲಕ್ಷ ರೂ. ದೇಣಿಗೆ ಕೊಟ್ಟು ಅರ್ಧಕ್ಕೆ ವಿನಾಯಿತಿ ಪಡೆದರೆ ಉಳಿಯುವ ತೆರಿಗೆ 15,600 ರೂ. ಅದೇ 1 ಲಕ್ಷವನ್ನು ಕ್ಯಾಲೆಂಡರಿನ ಚಿತ್ರಗಳಿಗೂ ಪೆಟ್ಟಿಗೆಯ ವಿನ್ಯಾಸಕ್ಕೂ ಕೊಟ್ಟು ಜಾಹೀರಾತು ಖರ್ಚೆಂದು ತೋರಿಸಿದರೆ ಉಳಿಯುವುದು 31,200 ರೂ. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗೆ ಮಾತ್ರ ಈ ವ್ಯತ್ಯಾಸ ಬಾರದು, ಏಕೆಂದರೆ ಅಲ್ಲಿ ಖರ್ಚುಗಳನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ.

ತೆರಿಗೆಗಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ವ್ಯಾಪಾರ ಕುಗ್ಗಿದ ವರ್ಷ ಮಾಲೀಕನ ಕತ್ತರಿ ಮೊದಲು ಬೀಳುವುದು ದಾನದ ಖಾತೆಯ ಮೇಲೆ. ಕೆಟ್ಟ ವರ್ಷದಲ್ಲೂ ಕ್ಯಾಲೆಂಡರು ಹಂಚದೆ ಇರುವ ಅಂಗಡಿ ಕಡಿಮೆ, ಏಕೆಂದರೆ ಹಂಚದಿದ್ದರೆ ಗಿರಾಕಿ ಕೇಳುತ್ತಾನೆ. ಕಲಾವಿದನ ಆದಾಯವನ್ನು ಯಾವ ಖಾತೆಗೆ ಕಟ್ಟಬೇಕೆಂಬುದು ಇದರಿಂದಲೇ ನಿರ್ಧಾರವಾಗುತ್ತದೆ.

ಕ್ಯಾಲೆಂಡರಿನ ವಿಷಯವನ್ನೇ ಇನ್ನಷ್ಟು ನೋಡಬಹುದು. ಈಗಿನ ರೂಢಿಯಂತೆ ಏಜೆಂಟನು ತಂದ ಮಾದರಿ ಪುಸ್ತಕದಲ್ಲಿ ಲಕ್ಷ್ಮಿಯದೋ ವೆಂಕಟರಮಣನದೋ ಚಿತ್ರದ ನಂಬರು ಗುರುತಿಸಿ, ಕೆಳಗಿನ ಪಟ್ಟಿಯಲ್ಲಿ ಅಂಗಡಿಯ ಹೆಸರು ಅಚ್ಚು ಹಾಕಿಸಲಾಗುತ್ತದೆ. ಅದೇ ಚಿತ್ರ ಎದುರಿನ ಅಂಗಡಿಯ ಕ್ಯಾಲೆಂಡರಿನಲ್ಲೂ ಇರುತ್ತದೆ. ಇದಕ್ಕೆ ಬದಲಾಗಿ ಒಂದು ಊರಿನ ವಾಣಿಜ್ಯ ಸಂಘದ 60 ಸದಸ್ಯರು ತಲಾ 500ರಂತೆ 30,000 ಕ್ಯಾಲೆಂಡರುಗಳನ್ನು ಒಟ್ಟಾಗಿ ಮುದ್ರಿಸಿ, ಪ್ರತಿಯೊಂದಕ್ಕೆ 3 ರೂ. ಚಿತ್ರದ ಬಾಬ್ತು ಸೇರಿಸಿದರೆಂದು ಭಾವಿಸೋಣ. 90,000 ರೂ. ಆಗುತ್ತದೆ. ಹನ್ನೆರಡು ತಿಂಗಳಿಗೆ ಹನ್ನೆರಡು ಕಲಾವಿದರು, ಒಬ್ಬೊಬ್ಬರಿಗೆ 7,500 ರೂ. ಊರಿನ ಕೋಟೆ, ಕೆರೆ, ಜಾತ್ರೆ, ಸಂತೆಮಾಳ ಇವುಗಳ ಚಿತ್ರ ಮನೆಮನೆಯ ಗೋಡೆಯ ಮೇಲೆ ಒಂದು ವರ್ಷ ನಿಲ್ಲುತ್ತವೆ. ಇಷ್ಟೇ ಹಣವನ್ನು ಇಡುಗಂಟಿನ ಬಡ್ಡಿಯಿಂದ ಪ್ರತಿವರ್ಷ ಕೊಡಬೇಕಾದರೆ, ಶೇ. 7ರ ಬಡ್ಡಿ ಎಂದರೂ, ಸುಮಾರು 12 ಲಕ್ಷ 86 ಸಾವಿರ ರೂ. ಠೇವಣಿ ಬೇಕು. ಅಷ್ಟು ಚಂದಾ ಎತ್ತಲು ಪದಾಧಿಕಾರಿಗಳು ಎಷ್ಟು ಮೆಟ್ಟಿಲು ಹತ್ತಿ ಇಳಿಯಬೇಕೆಂಬುದು ಸಂಘ ನಡೆಸಿದವರಿಗೆಲ್ಲ ಗೊತ್ತು.

ಚಿತ್ರವನ್ನೇ ಕೊಂಡು ಕಚೇರಿಯ ಗೋಡೆಗೆ ಹಾಕುವವರ ಮಾತು ಬೇರೆ. ಅದು ಸಾಮಾನ್ಯವಾಗಿ ಖರ್ಚಾಗದೆ ಆಸ್ತಿಯ ಪಟ್ಟಿಗೆ ಸೇರುತ್ತದೆ. ಸವಕಳಿಯ ಪ್ರಶ್ನೆಯನ್ನು ತಮ್ಮ ಲೆಕ್ಕ ಪರಿಶೋಧಕರೊಡನೆ ಚರ್ಚಿಸಿಕೊಳ್ಳುವುದು ಒಳ್ಳೆಯದು. ಮನೆಗೆ ಕೊಂಡ ಚಿತ್ರವೂ ಮುಂದೆ ಲಾಭಕ್ಕೆ ಮಾರಿದರೆ ತೆರಿಗೆಯಿಂದ ಹೊರತಲ್ಲ: 2007ರ ಹಣಕಾಸು ಕಾಯ್ದೆಯಿಂದ ಕಲಾಕೃತಿಗಳು ಬಂಡವಾಳ ಆಸ್ತಿಯ ವ್ಯಾಖ್ಯೆಗೆ ಸೇರಿವೆ. ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ ಒಂದು ಅನುಕೂಲವಾಗಿದೆ. ಕೈಯಿಂದ ಬರೆದ ಚಿತ್ರಗಳ ಮೇಲಿನ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ರಾಜ್ಯದೊಳಗೆ ಮಾತ್ರ ಸರಕು ಮಾರುವ ಕಲಾವಿದನ ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟದಿದ್ದರೆ ನೋಂದಣಿಯ ಅಗತ್ಯವೂ ಸಾಮಾನ್ಯವಾಗಿ ಬಾರದು. ಗೋಡೆಗೆ ಚಿತ್ರ ಬರೆದುಕೊಡುವುದು ಸೇವೆ ಎನಿಸಿಕೊಂಡಲ್ಲಿ ಆ ಮಿತಿ 20 ಲಕ್ಷ ರೂ.

ಬಾಯಿಮಾತು ಸಾಲದು

ಕಲಾವಿದರೊಡನೆ ವ್ಯವಹರಿಸುವಾಗ ವರ್ತಕರು ಮಾಡುವ ದೊಡ್ಡ ತಪ್ಪು ಬೆಲೆಯದಲ್ಲ, ಕಾಲದ್ದು. ಕಬ್ಬಿಣದ ವ್ಯಾಪಾರಿಗೆ ಮೂವತ್ತು ದಿನಕ್ಕೆ ಹಣ ಕಳುಹಿಸುವ ಮಾಲೀಕ, ಚಿತ್ರ ಬರೆದವನಿಗೆ 'ಮುಂದಿನ ವಾರ ಬಾ' ಎಂದು ಆರು ತಿಂಗಳು ಅಲೆಸುವುದುಂಟು. ಕಲಾವಿದನ ಬಳಿ ಬಿಲ್ಲು ಪುಸ್ತಕವಿರುವುದಿಲ್ಲ, ಕೇಳಲು ಸಂಕೋಚ ಬೇರೆ. ಒಪ್ಪಿದ ಕೆಲಸಕ್ಕೆ ಮೂರನೆಯ ಒಂದು ಭಾಗವನ್ನಾದರೂ ಮುಂಗಡ ಕೊಡುವುದು ಅಗತ್ಯ, ಬಣ್ಣ ಮತ್ತು ಕ್ಯಾನ್ವಾಸಿಗೆ ಆತ ಮೊದಲೇ ಹಣ ಹಾಕಬೇಕಾಗುತ್ತದೆ. ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡ ತಯಾರಕರಿಗೂ ಸೇವಾದಾರರಿಗೂ 2006ರ ಕಾಯ್ದೆ 15 ದಿನಗಳ, ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳ ಗಡುವು ವಿಧಿಸುತ್ತದೆ. ಆ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತ, ಹಣ ಪಾವತಿಯಾದ ವರ್ಷದಲ್ಲಿ ಮಾತ್ರ ಖರ್ಚಾಗಿ ಮಾನ್ಯವಾಗುತ್ತದೆ. ಕಲಾವಿದರು ಇಂಥ ನೋಂದಣಿಗೆ ಮುಂದಾಗುವುದು ಲೇಸು. ಪ್ಯಾನ್ ಸಂಖ್ಯೆಯಿಲ್ಲದಿದ್ದರೆ ಮೂಲದಲ್ಲಿ ಕಡಿತವಾಗುವ ತೆರಿಗೆ ಶೇ. 20 ಆಗಬಹುದೆಂಬುದನ್ನು ಅವರಿಗೆ ತಿಳಿಸಿ ಹೇಳುವ ಹೊಣೆ ಸಂಘದ್ದು.

ಇನ್ನು ಹಕ್ಕುಸ್ವಾಮ್ಯದ ಮಾತು. ಚಿತ್ರ ಕೊಂಡವನು ಚಿತ್ರಕ್ಕೆ ಒಡೆಯನಾಗುತ್ತಾನೆ. ಅದನ್ನು ಕ್ಯಾಲೆಂಡರಿನಲ್ಲೋ ಪೊಟ್ಟಣದ ಮೇಲೋ ಅಚ್ಚು ಹಾಕಿಸುವ ಹಕ್ಕು ಅದರೊಡನೆ ತಾನಾಗಿಯೇ ಬರುವುದಿಲ್ಲ. ಆದರೆ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರವಾದರೆ, ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ, 1957ರ ಕಾಯ್ದೆಯ 17ನೆಯ ಕಲಮಿನಂತೆ ಬರೆಸಿದವನೇ ಮೊದಲ ಹಕ್ಕುದಾರ. ಎರಡೂ ಕಡೆಯವರಿಗೆ ಇದು ತಿಳಿದಿರುವುದಿಲ್ಲ, ಜಗಳ ಶುರುವಾಗುವುದು ಅಲ್ಲಿಂದಲೇ. 'ಮೂಲಚಿತ್ರವೂ ಹಕ್ಕೂ ಕಲಾವಿದನದು, ಒಂದು ವರ್ಷದ ಮುದ್ರಣದ ಅನುಮತಿ ಮಾತ್ರ ಸಂಘದ್ದು' ಎಂದು ಅರ್ಧ ಪುಟದ ಕರಾರು ಬರೆದುಕೊಂಡರೆ ಕಲಾವಿದ ಅದೇ ಚಿತ್ರವನ್ನು ಮುಂದಿನ ಜನವರಿಯಲ್ಲಿ ಸಂತೆಯಲ್ಲಿ ಮಾರಿಕೊಳ್ಳಬಹುದು. ಗೋಡೆಗೆ ದೊಡ್ಡ ಚಿತ್ರವನ್ನೋ ಉಬ್ಬುಶಿಲ್ಪವನ್ನೋ ಮಾಡಿಸುವವರು ದೆಹಲಿಯ ವಿಜ್ಞಾನ ಭವನದ ಪ್ರಕರಣವನ್ನು ತಿಳಿದಿರುವುದು ಒಳಿತು. ಶಿಲ್ಪಿ ಅಮರನಾಥ ಸೆಹಗಲ್ ಅವರ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಲಾಗಿತ್ತು. 2005ರಲ್ಲಿ ದೆಹಲಿ ಹೈಕೋರ್ಟು ಅದನ್ನು ಶಿಲ್ಪಿಗೆ ಮರಳಿಸಲೂ 5 ಲಕ್ಷ ರೂ. ಪರಿಹಾರ ಕೊಡಲೂ ಸರ್ಕಾರಕ್ಕೆ ಆದೇಶಿಸಿತು. ಹಣ ಕೊಟ್ಟವನಿಗೆ ಒಡೆಯುವ ಹಕ್ಕೂ ಇದೆ ಎಂಬ ನಂಬಿಕೆ ಸರಿಯಲ್ಲ.

ಆಯ್ಕೆ ಯಾರ ಕೈಯಲ್ಲಿ?

ಹಣ ಕೊಡುವವರೇ ಚಿತ್ರ ಆರಿಸಲು ಕುಳಿತರೆ ಎರಡನೆಯ ವರ್ಷಕ್ಕೆ ಅಧ್ಯಕ್ಷರ ಸೋದರಳಿಯನ ಚಿತ್ರ ಕ್ಯಾಲೆಂಡರಿನ ಮೊದಲ ಪುಟಕ್ಕೆ ಬರುತ್ತದೆ. ಮೂರನೆಯ ವರ್ಷ ಒಳ್ಳೆಯ ಕಲಾವಿದರು ದೂರ ಸರಿಯುತ್ತಾರೆ. ಇದನ್ನು ತಮಾಷೆಗೆ ಹೇಳಿದ್ದಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1975ರಿಂದ ಇರುವ ವೆಂಕಟಪ್ಪ ಕಲಾಗ್ಯಾಲರಿಯನ್ನು ಅಭಿವೃದ್ಧಿಗಾಗಿ ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಡಂಬಡಿಕೆ 2015ರಲ್ಲಿ ಆದಾಗ ಕಲಾವಿದರು ಬೀದಿಗಿಳಿದರು. ತಮ್ಮನ್ನು ಕೇಳದೆ ತಮ್ಮ ಗ್ಯಾಲರಿಯ ಭವಿಷ್ಯ ನಿರ್ಧಾರವಾಯಿತೆಂಬುದು ಅವರ ಮುಖ್ಯ ಆಕ್ಷೇಪ. ಆ ಯೋಜನೆ ಕಾರ್ಯಗತವಾಗಲೇ ಇಲ್ಲ. ಹಣದ ಕೊರತೆಯಿಂದಲ್ಲ, ವಿಶ್ವಾಸದ ಕೊರತೆಯಿಂದ ಅದು ನಿಂತಿತು. ದರ, ಮುಂಗಡ, ಮುದ್ರಣದ ಗಡುವು ಇವನ್ನು ವರ್ತಕರು ನೋಡಿಕೊಳ್ಳಲಿ. ಚಿತ್ರದ ಆಯ್ಕೆಯನ್ನು ಊರಿನ ಹಿರಿಯ ಕಲಾವಿದರಿಗೂ ಹತ್ತಿರದ ಕಲಾಶಾಲೆಯ ಅಧ್ಯಾಪಕರಿಗೂ ಬಿಡುವುದು ಕ್ಷೇಮ. ಒಮ್ಮೆ ಆಯ್ಕೆಯಾದವರು ಮುಂದಿನ ಎರಡು ವರ್ಷ ಬಿಡುವು ಪಡೆಯುವ ಸರದಿ ಪದ್ಧತಿಯನ್ನೂ ಮೊದಲೇ ಬರೆದಿಡಬಹುದು.

ವಾಣಿಜ್ಯ ಸಂಘಗಳ ಬಳಿ ಮತ್ತೊಂದು ಸಂಪತ್ತಿದೆ. ಅನೇಕ ಜಿಲ್ಲಾ ಸಂಘಗಳಿಗೆ ಸ್ವಂತ ಸಭಾಂಗಣವಿದೆ. ಸಭೆಯಿಲ್ಲದ ದಿನಗಳಲ್ಲಿ ಅದಕ್ಕೆ ಬೀಗ. ಗೋಡೆಗೆ ಕಬ್ಬಿಣದ ಪಟ್ಟಿಯೂ ನಾಲ್ಕಾರು ದೀಪಗಳೂ ಇದ್ದರೆ ಅದೇ ತಿಂಗಳಿಗೊಮ್ಮೆ ಬದಲಾಗುವ ಪ್ರದರ್ಶನಾಲಯವಾಗುತ್ತದೆ. ತೆರಿಗೆಯ ವಿಚಾರ ಸಂಕಿರಣಕ್ಕೆ ಬಂದ ವರ್ತಕ ಚಹಾ ವಿರಾಮದಲ್ಲಿ ಗೋಡೆಯತ್ತ ನೋಡುತ್ತಾನೆ. ಪ್ರತಿ ಚಿತ್ರದ ಕೆಳಗೆ ಬೆಲೆ ಬರೆದಿರಲಿ. ಬೆಲೆ ಕಾಣದ ಸರಕನ್ನು ಬಜಾರಿನವನು ಕೇಳಲು ಹೋಗುವುದಿಲ್ಲ.

ಕ್ಯಾಲೆಂಡರಿನ ಕೆಲಸಕ್ಕೆ ಮಾತ್ರ ಕಾಲದ ಮಿತಿಯಿದೆ. ದೀಪಾವಳಿಯ ಮುನ್ನ ಮುದ್ರಣಾಲಯಗಳಲ್ಲಿ ಒತ್ತಡ ಏರುತ್ತದೆ, ದರವೂ ಏರುತ್ತದೆ. ಗಣೇಶ ಚೌತಿಯ ಹೊತ್ತಿಗೆ ಹನ್ನೆರಡು ಚಿತ್ರಗಳೂ ಸಿದ್ಧವಾಗಿರಬೇಕಾದರೆ ಕಲಾವಿದರಿಗೆ ಕರಾರುಪತ್ರವೂ ಮುಂಗಡದ ಚೆಕ್ಕೂ ಜೂನ್ ತಿಂಗಳೊಳಗೆ ತಲುಪಿರಬೇಕು. ವಾರ್ಷಿಕ ಮಹಾಸಭೆಯಲ್ಲಿ ಇದಕ್ಕೊಂದು ನಿರ್ಣಯ ಬೇಕಾಗುತ್ತದೆ, ಮುಂಗಡಪತ್ರದಲ್ಲಿ ಒಂದು ಸಾಲು, ಅದೂ ಜಾಹೀರಾತಿನ ಶೀರ್ಷಿಕೆಯ ಕೆಳಗೆ.